ಸೆಲ್ಫ್ ಬಿಚ್ಚಿದ ದಿನ

ಹಳೆಯ ಅಂಬಾಸಿಡರಿನ 'ಸೆಲ್ಫ್' ಕೆಟ್ಟ ದಿನವೇ ಕಾರು ನನ್ನ ಕೈತಪ್ಪಿತು. ಹ್ಯಾಂಡಲ್ ತಿರುವುವುದು ನನ್ನಿಂದಾಗದು. ಅದು ಹಿಂದಕ್ಕೆ ಒದ್ದರೆ ಮುಂಗೈ ಮುರಿಯುವುದೂ ಉಂಟು. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಕೆಟರಿಂಗ್ ವಿದ್ಯುತ್ ಸೆಲ್ಫ್ ಜೋಡಿಸುವ ಮೊದಲು ಪೆಟ್ರೋಲ್ ಕಾರುಗಳದ್ದೆಲ್ಲ ಹೆಚ್ಚುಕಡಿಮೆ ಇದೇ ಪಾಡು. ಹೆಂಗಸರಿಗೆ ಕಾರು ದಕ್ಕಿದ್ದರಲ್ಲಿ ಆತನ ಪಾಲು ದೊಡ್ಡದು.

ಶಿವಮೊಗ್ಗದ ಅಂಗಡಿಯವರು ಹೊಸದೇ ಹಾಕಿಸಿ ಎಂದರು. ಅಪ್ಪ ಭದ್ರಾವತಿಯವರು, 1923ರಲ್ಲಿ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ತೆಗೆಯತೊಡಗಿದ ಕಾರ್ಖಾನೆಯಲ್ಲಿ ದುಡಿದವರು. ಒಪ್ಪುತ್ತಾರೆಯೇ! ಜಗಲಿಯ ಮೇಲೆ ಹಳೇ ಪೇಪರು ಹಾಸಿ ಬಿಚ್ಚಿದರು. ಕಾರ್ಬನ್ ಬ್ರಷ್ಷು ಸವೆದು ಮೊಂಡಾಗಿತ್ತು, ಬುಷ್ ಸಡಿಲ. ಅವನ್ನು ನಾವೇ ಬದಲಿಸಿದೆವು. ಆರ್ಮೇಚರಿನ ತಾಮ್ರದ ಮೇಲಿನ ಗೀರಿಗೆ ಮಾತ್ರ ಲೇತ್ ಬೇಕಿತ್ತು. ಅದೇ ಅಂಗಡಿಗೆ ಹೋದೆವು. ಅಪ್ಪ ಅಲ್ಲಿ ಮಾತಾಡಲಿಲ್ಲ.

ಜೋಡಿಸಿದ ಮೇಲೆ ಚಾವಿ ನನ್ನ ಕೈಗೆ ಕೊಟ್ಟು, "ಹೊಡಿ ಮಗಾ" ಎಂದರು.