ಮಾಕಿ: ಕಾಡು ಸೇರಿದವರ ಮಾತು

ಕಾರ್ಸಿಕಾ ದ್ವೀಪದ ಬೆಟ್ಟಗಳಲ್ಲಿ ಬೆಳೆಯುವ ಕುರುಚಲು ಕಾಡಿಗೆ ಫ್ರೆಂಚರು ‘ಮಾಕಿ’ ಎನ್ನುತ್ತಾರೆ. ಆಳೆತ್ತರದ ಪೊದೆಗಳು ಒಂದಕ್ಕೊಂದು ಹೆಣೆದುಕೊಂಡ ಈ ಕಾಡನ್ನು ಹೊಕ್ಕವರನ್ನು ಹುಡುಕುವುದು ಪೊಲೀಸರಿಗೆ ಸುಲಭವಿರಲಿಲ್ಲ. ಮನೆತನದ ಹಗೆಯಲ್ಲಿ ಕೊಲೆ ಮಾಡಿದವರು ತಲೆಮರೆಸಿಕೊಳ್ಳುತ್ತಿದ್ದುದು ಅಲ್ಲೇ. ಹಾಗಾಗಿ ‘ಮಾಕಿ ಹಿಡಿದ’ ಎಂದರೆ ಕಾನೂನಿನ ಕೈಗೆ ಸಿಗದೆ ಕಾಡು ಸೇರಿದ ಎಂದೇ ಅರ್ಥ.

ಈ ಮಾತು ದೇಶಕ್ಕಾಗಿ ಹೋರಾಡುವವರ ಪಾಲಿಗೆ ಬಂದದ್ದು 1943ರಲ್ಲಿ. ಅಷ್ಟರಲ್ಲಿ ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನಿಗೆ ಸೋತು ಎರಡೂವರೆ ವರ್ಷ ಕಳೆದಿತ್ತು. ವಿಶಿ ಪಟ್ಟಣದಲ್ಲಿದ್ದ, ಪೆತಾನ್ ನಾಯಕತ್ವದ ಫ್ರೆಂಚ್ ಸರ್ಕಾರ ಜರ್ಮನರ ಜೊತೆ ಕೈಜೋಡಿಸಿತ್ತು. ಜರ್ಮನಿಯ ಕಾರ್ಖಾನೆಗಳಿಗೆ ಆಳು ಬೇಕಾಗಿತ್ತು. ಮೂವರು ಕುಶಲ ಕೆಲಸಗಾರರು ಹೋದರೆ ಒಬ್ಬ ಯುದ್ಧಕೈದಿಯನ್ನು ಬಿಡುತ್ತಾರೆಂದು ಮೊದಲು ಪುಸಲಾಯಿಸಿದರು. ಅಷ್ಟಕ್ಕೆ ಜನ ಸಾಲದೆ, ಫೆಬ್ರುವರಿ 16ರಂದು ಕಡ್ಡಾಯ ದುಡಿಮೆಯ ಕಾನೂನು ತಂದರು. 1920ರಿಂದ 1922ರೊಳಗೆ ಹುಟ್ಟಿದ ಗಂಡುಮಕ್ಕಳು ಹೊರಡಬೇಕು. ಸಾವಿರಾರು ಹುಡುಗರು ರೈಲು ಹತ್ತದೆ ಬೆಟ್ಟ ಹತ್ತಿದರು.

ಅವರಲ್ಲಿ ಅನೇಕರು ಸೇರಿದ್ದು ಆಲ್ಪ್ಸ್ ಪರ್ವತವನ್ನು. ಅಲ್ಲಿ ಕಾರ್ಸಿಕಾದ ಪೊದೆಯೂ ಇಲ್ಲ, ಆ ಬಿಸಿಲೂ ಇಲ್ಲ. ಆದರೂ ಹೆಸರು ಮಾತ್ರ ಅದೇ ಆಯಿತು. ಮೊದಲು ಅಡಗುತಾಣಕ್ಕೆ, ಆಮೇಲೆ ಅಲ್ಲಿದ್ದ ಗುಂಪಿಗೇ ‘ಮಾಕಿ’ ಎಂದರು. ಗುಂಪಿನವನು ‘ಮಾಕಿಝಾರ್’ ಆದ. ದನಗಾಹಿಗಳು ಬೇಸಿಗೆಯಲ್ಲಷ್ಟೇ ತಂಗುವ ಮರದ ಗುಡಿಸಲುಗಳಲ್ಲಿ ಈ ಹುಡುಗರು ಚಳಿಗಾಲ ಕಳೆದರು. ಬಹಳ ಜನರಿಗೆ ಕೋವಿ ಹಿಡಿದೇ ಗೊತ್ತಿರಲಿಲ್ಲ. ಬ್ರೆಡ್ಡಿಗೂ ರೇಷನ್ ಚೀಟಿ ಬೇಕಾಗಿದ್ದ ಆ ದಿನಗಳಲ್ಲಿ ಕೆಳಗಿನ ಹಳ್ಳಿಯ ರೈತರು, ಹೆಂಗಸರು ತಮ್ಮ ಪಾಲಿನ ಆಲೂಗಡ್ಡೆ, ಚೀಸು ಕಳಿಸದಿದ್ದರೆ ಮಾಕಿ ಎಂಬುದೇ ಉಳಿಯುತ್ತಿರಲಿಲ್ಲ. ಕೋವಿ ಹಿಡಿದವರಷ್ಟೇ ಗೌರವ ಇವರಿಗೂ ಸಲ್ಲಬೇಕೆಂಬುದು ನನ್ನ ನಂಬಿಕೆ.

ಆಲ್ಪ್ಸ್‌ನ ಗ್ಲಿಯೇರ್ ಪ್ರಸ್ಥಭೂಮಿಯಲ್ಲಿ 1944ರ ಆರಂಭದಲ್ಲಿ ಸುಮಾರು 450 ಜನ ಸೇರಿದ್ದರು. ಹಿಮದ ಮೇಲೆ ಬೆಂಕಿ ಹಾಕಿ ಗುರುತು ತೋರಿಸಿದರೆ ಬ್ರಿಟಿಷ್ ವಿಮಾನಗಳು ಪ್ಯಾರಾಚೂಟ್‌ನಲ್ಲಿ ಆಯುಧ ಇಳಿಸುತ್ತಿದ್ದವು. ಮಾರ್ಚ್‌ನಲ್ಲಿ ಅವರ ನಾಯಕ ತೋಮ್ ಮೊರೆಲ್ ಸತ್ತ, ಜರ್ಮನರು ಬೆಟ್ಟವನ್ನು ಮುತ್ತಿದರು. ಜುಲೈನಲ್ಲಿ ಆಲ್ಪ್ಸ್‌ನ ಇನ್ನೊಂದು ಪ್ರಸ್ಥಭೂಮಿಯಾದ ವೆರ್ಕೋರ್‌ನ ಸರದಿ. ಅಲ್ಲಿನ ವಾಸ್ಯೂ ಎಂಬ ಹಳ್ಳಿಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗಾಗಿ ನೆಲ ಸಮತಟ್ಟು ಮಾಡುತ್ತಿದ್ದರು. ಇಳಿದದ್ದು ಜರ್ಮನರ ಗ್ಲೈಡರ್‌ಗಳು.

ವಿಶಿ ಸರ್ಕಾರ ಭಯೋತ್ಪಾದಕರೆಂದು ಕರೆದಿದ್ದ ಈ ಹುಡುಗರಿಗೆ ಯುದ್ಧ ಮುಗಿದ ಮೇಲೆ ಸ್ಮಾರಕಗಳಾದವು. ಆದರೆ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಬೆಟ್ಟ ಹತ್ತಿದವರೂ ಮಾಕಿಗೆ ಹೋದೆವು ಎಂದರು. ಫ್ರಾನ್ಸ್ ಆಳುತ್ತಿದ್ದ ಕ್ಯಾಮರೂನ್‌ನಲ್ಲಿ ಸ್ವಾತಂತ್ರ್ಯ ಕೇಳುತ್ತಿದ್ದ ಯುಪಿಸಿ ಪಕ್ಷವನ್ನು 1955ರಲ್ಲಿ ನಿಷೇಧಿಸಿದಾಗ ಅದರ ನಾಯಕ ರೂಬೆನ್ ಉಮ್ ನ್ಯೋಬೆ ಕಾಡು ಸೇರಿದ. ಅಲ್ಲಿ ‘ಮಾಕಿಝಾರ್’ ಎಂಬುದು ಸರ್ಕಾರದ ಬಾಯಲ್ಲಿ ಬೈಗುಳವಾಯಿತು. 1958ರ ಸೆಪ್ಟೆಂಬರ್ 13ರಂದು ಫ್ರೆಂಚ್ ಪಡೆ ಅವನನ್ನು ಕಾಡಿನಲ್ಲೇ ಗುಂಡಿಟ್ಟು ಕೊಂದಿತು. ಅವನ ಮೇಲಿನ ಕಳಂಕ ತೊಳೆಯುವ ಕಾನೂನನ್ನು ಸ್ವತಂತ್ರ ಕ್ಯಾಮರೂನ್ ತಂದದ್ದು 1991ರಲ್ಲಿ.