ಟ್ರ್ಯಾಕ್ಟರಿನ ಆಯಿಲ್ ದೀಪ ಆರದೆ ಉಳಿದರೆ: ಕಾರಣ ಪತ್ತೆ ಹಾಗೂ ಕೈಗೊಳ್ಳಬೇಕಾದ ಕ್ರಮಗಳು

ಮುಂಗಾರಿನ ಹದ ಮಳೆ ಬಿದ್ದ ಮೇಲೆ ಕೆಂಪು ಮಣ್ಣಿನ ಹೊಲದಲ್ಲಿ ಬಿತ್ತನೆಗೆ ತಕ್ಕ ತೇವಾಂಶ ಉಳಿಯುವುದು ಕೆಲವೇ ದಿನ. ಆ ದಿನಗಳಲ್ಲಿಯೇ ಟ್ರ್ಯಾಕ್ಟರಿಗೆ ಬಿಡುವಿಲ್ಲದ ದುಡಿಮೆ. ಹೀಗಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡರೆ, 'ಇನ್ನೊಂದು ಎಕರೆ ಮುಗಿಸಿ ನೋಡೋಣ' ಎಂದು ಮನಸ್ಸು ಹೇಳುವುದು ಸಹಜ. ಆ ಒಂದು ಎಕರೆಯೇ ಎಂಜಿನ್ನನ್ನು ಪೂರ್ಣ ಬಿಚ್ಚಿಸುವ ಕೆಲಸಕ್ಕೆ ತಂದಿಡಬಲ್ಲದು. ಮೆಕ್ಯಾನಿಕ್ ಬರುವವರೆಗೆ ಎರಡು ದಿನ ಕಾದರೆ ಹದ ಸ್ವಲ್ಪ ತಪ್ಪಬಹುದು. ಎಂಜಿನ್ ಸೀಜ್ ಆದರೆ ಹಂಗಾಮೇ ಕೈತಪ್ಪುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬೇಸಾಯಶಾಸ್ತ್ರದವರು ಯಂತ್ರದ ವಿಷಯ ಬರೆಯುತ್ತಿರುವುದು ಈ ಕಾರಣಕ್ಕಾಗಿ.

ದೀಪ ತಿಳಿಸುವುದೇನು?

ಆಯಿಲ್ ಕಡಿಮೆಯಾದಾಗ ಈ ದೀಪ ಹೊತ್ತಿಕೊಳ್ಳುತ್ತದೆ ಎಂಬ ನಂಬಿಕೆ ರೈತರಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ದೀಪ ಸೂಚಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಎಂಜಿನ್ನಿನ ತಳದಲ್ಲಿರುವ ಚೇಂಬರಿನಿಂದ ಆಯಿಲ್ ಪಂಪು ಜಾಲರಿಯ ಮೂಲಕ ಆಯಿಲನ್ನು ಎಳೆದು, ಫಿಲ್ಟರಿಗೆ ತಳ್ಳಿ, ಅಲ್ಲಿಂದ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೂ ಇತರ ಭಾಗಗಳಿಗೂ ಒತ್ತಡದಿಂದ ಕಳುಹಿಸುತ್ತದೆ. ಶಾಫ್ಟು ಬೇರಿಂಗಿಗೆ ತಾಗದಂತೆ ನಡುವೆ ಆಯಿಲಿನ ತೆಳುವಾದ ಪೊರೆಯೊಂದು ನಿಂತಿರುತ್ತದೆ. ಪೊರೆ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಆಯಿಲ್ ಹರಿಯುವ ದಾರಿಯಲ್ಲಿ ಒಂದು ಚಿಕ್ಕ ಸ್ವಿಚ್ಚನ್ನು ಕೂರಿಸಿರುತ್ತಾರೆ. ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಂಗಿಂತ ಕೆಳಗಿಳಿದಾಗ ಸ್ವಿಚ್ಚು ದೀಪವನ್ನು ಹೊತ್ತಿಸುತ್ತದೆ. ಆರೋಗ್ಯವಂತ ಎಂಜಿನ್ ಬಿಸಿಯಾಗಿ ಪೂರ್ಣ ವೇಗದಲ್ಲಿ ದುಡಿಯುವಾಗ ಈ ಒತ್ತಡ ಸಾಮಾನ್ಯವಾಗಿ 2.5ರಿಂದ 5 ಕಿಲೋಗ್ರಾಂವರೆಗೆ ಇರುತ್ತದೆ. ಅಂದರೆ ದೀಪ ಹೊತ್ತುವ ವೇಳೆಗೆ ಒತ್ತಡ ಬಹುಪಾಲು ಹೋಗಿಯೇ ಬಿಟ್ಟಿರುತ್ತದೆ. ಇದು ಮುನ್ಸೂಚನೆಯಲ್ಲ, ಕೊನೆಯ ಸೂಚನೆ.

ಪ್ರತಿದಿನ ಬೆಳಗ್ಗೆ ಕೀ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಈ ದೀಪ ಹೊತ್ತಲೇಬೇಕು. ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಕೀ ತಿರುಗಿಸಿದಾಗಲೂ ದೀಪ ಹೊತ್ತದಿದ್ದರೆ ಬಲ್ಬು ಸುಟ್ಟಿದೆ ಅಥವಾ ತಂತಿ ಕಡಿದಿದೆ ಎಂದು ತಿಳಿಯಿರಿ. ಆರದ ದೀಪಕ್ಕಿಂತ ಹೊತ್ತದ ದೀಪ ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲ ಕೆಲಸ

ಕೆಲಸದ ನಡುವೆ ದೀಪ ಹೊತ್ತಿದರೆ ಪಿ.ಟಿ.ಒ. ಬಿಡಿಸಿ, ಉಪಕರಣವನ್ನು ನೆಲಕ್ಕಿಳಿಸಿ, ತಕ್ಷಣ ಎಂಜಿನ್ ನಿಲ್ಲಿಸಿ. ಟರ್ಬೊ ಇರುವ ಟ್ರ್ಯಾಕ್ಟರನ್ನು ನಿಲ್ಲಿಸುವ ಮುನ್ನ ಸ್ವಲ್ಪ ಹೊತ್ತು ನಿಧಾನಗತಿಯಲ್ಲಿ ಓಡಿಸಬೇಕೆಂಬ ನಿಯಮ ಈ ಸಂದರ್ಭಕ್ಕೆ ಅನ್ವಯಿಸದು. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ತಿರುಗುವಂಥದ್ದು. ಆಯಿಲಿಲ್ಲದೆ ಮೊದಲು ಕೆಡುವ ಭಾಗಗಳಲ್ಲಿ ಅದೂ ಒಂದು. ಮನೆಯವರೆಗೆ ಓಡಿಸಿಕೊಂಡು ಹೋಗುವುದು, 'ಒಮ್ಮೆ ಚಾಲೂ ಮಾಡಿ ನೋಡೋಣ' ಎನ್ನುವುದು, ಎರಡೂ ಕೂಡದು.

ಅಳತೆ ಕಡ್ಡಿ, ಕಣ್ಣು ಮತ್ತು ಮೂಗು

ಟ್ರ್ಯಾಕ್ಟರ್ ಸಮತಟ್ಟಾದ ಜಾಗದಲ್ಲಿರಲಿ. ಹತ್ತು ನಿಮಿಷ ಬಿಟ್ಟು ಅಳತೆ ಕಡ್ಡಿಯನ್ನು ಹೊರತೆಗೆದು, ಒರೆಸಿ, ಮತ್ತೆ ಇಳಿಸಿ ನೋಡಿ. ಮಟ್ಟ ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಆಯಿಲ್ ಎಲ್ಲಿ ಹೋಯಿತೆಂದು ಹುಡುಕಬೇಕು. ಚೇಂಬರಿನ ತಳದ ಡ್ರೈನ್ ಬೋಲ್ಟು, ಫಿಲ್ಟರಿನ ರಬ್ಬರ್ ವಾಷರು, ಕ್ರ್ಯಾಂಕಿನ ಮುಂದಿನ ಹಾಗೂ ಹಿಂದಿನ ಸೀಲು, ಸ್ವಿಚ್ಚಿನ ಬುಡ ಇವು ಸಾಮಾನ್ಯವಾಗಿ ಸೋರುವ ಜಾಗಗಳು. ಕಲ್ಲು ಅಥವಾ ಕೂಳೆ ಬಡಿದು ಚೇಂಬರ್ ಬಿರಿದಿರುವುದೂ ಉಂಟು. ಎಲ್ಲೂ ಸೋರದೆ ಆಯಿಲ್ ಇಳಿದಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದಲ್ಲಿ, ಪಿಸ್ಟನ್ ರಿಂಗು ಸವೆದು ಆಯಿಲ್ ಉರಿದುಹೋಗುತ್ತಿದೆ ಎಂದರ್ಥ. ಒಣ ಮಣ್ಣಿನಲ್ಲಿ ರೋಟಾವೇಟರ್ ಹೊಡೆಯುವಾಗ ಏಳುವ ಧೂಳಿನಿಂದ ಏರ್ ಕ್ಲೀನರ್ ಬೇಗನೆ ತುಂಬುತ್ತದೆ. ಅದರ ನಿರ್ವಹಣೆಯನ್ನು ಅಲಕ್ಷಿಸಿದ ಎಂಜಿನ್ನುಗಳಲ್ಲಿ ಈ ಸವೆತ ವಯಸ್ಸಿಗೆ ಮುನ್ನವೇ ಬರುತ್ತದೆ.

ಮಟ್ಟ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಮೇಲಿನ ಗೆರೆಯನ್ನೂ ಮೀರಿ ಮಟ್ಟ ಏರಿದ್ದರೆ ಅದು ಇನ್ನೂ ಗಂಭೀರ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಬೇರೇನೋ ಬಂದು ಸೇರಿದೆ. ಕಡ್ಡಿಯನ್ನು ಮೂಸಿ ನೋಡಿ. ಡೀಸೆಲ್ ವಾಸನೆಯಿದ್ದು, ಬೆರಳ ನಡುವೆ ಉಜ್ಜಿದಾಗ ನೀರಿನಂತೆ ತೆಳುವಾಗಿದ್ದರೆ, ಸೋರುವ ಇಂಜೆಕ್ಟರಿನಿಂದಲೋ, ಹರಿದ ಡೀಸೆಲ್ ಪಂಪಿನ ಡಯಾಫ್ರಮ್ಮಿನಿಂದಲೋ, ಡೀಸೆಲ್ ಚೇಂಬರಿಗೆ ಇಳಿಯುತ್ತಿದೆ. ತೆಳುವಾದ ಆಯಿಲ್ ಬೇರಿಂಗಿನ ಸಂದಿನಿಂದ ಬೇಗನೆ ಜಾರಿಹೋಗಿ ಒತ್ತಡ ನಿಲ್ಲುವುದಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ರೇಡಿಯೇಟರಿನ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ಟು ಅಥವಾ ಲೈನರಿನ ರಿಂಗನ್ನು ಪರೀಕ್ಷಿಸಬೇಕು. ಅನುಮಾನವಿದ್ದಲ್ಲಿ ರಾತ್ರಿಯಿಡೀ ನಿಂತ ಎಂಜಿನ್ನಿನ ಡ್ರೈನ್ ಬೋಲ್ಟನ್ನು ಬೆಳಗ್ಗೆ ನಿಧಾನವಾಗಿ ಸಡಿಲಿಸಿ. ನೀರು ತಳದಲ್ಲಿ ಕೂತಿರುವುದರಿಂದ ಮೊದಲು ಅದೇ ಹೊರಬರುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಆಯಿಲ್ ಬದಲಿಸಿ ಓಡಿಸಿದರೆ ಪ್ರಯೋಜನವಿಲ್ಲ, ಮೂಲ ಕಾರಣ ಸರಿಯಾಗುವವರೆಗೆ ಚಾಲೂ ಮಾಡಕೂಡದು.

ತಂತಿ ಅಥವಾ ಸ್ವಿಚ್ಚಿನ ದೋಷವೇ?

ಆಯಿಲ್ ಸರಿಯಾದ ಮಟ್ಟದಲ್ಲಿ, ಸರಿಯಾದ ಗುಣದಲ್ಲಿ ಇದ್ದರೆ ಮುಂದಿನ ಪರೀಕ್ಷೆ ವಿದ್ಯುತ್ತಿನದು. ಇಲಿ ತಂತಿಯ ಹೊದಿಕೆಯನ್ನು ಕಡಿದು, ಬರಿದಾದ ತಾಮ್ರ ಎಂಜಿನ್ನಿನ ಲೋಹಕ್ಕೆ ತಾಗಿದರೂ ದೀಪ ಹೊತ್ತಿಯೇ ಇರುತ್ತದೆ. ಕಣಜ, ಹುಲ್ಲಿನ ಬಣವೆಗಳ ಪಕ್ಕದಲ್ಲಿ ನಿಲ್ಲಿಸುವ ಟ್ರ್ಯಾಕ್ಟರುಗಳಲ್ಲಿ ಇದನ್ನು ಮೊದಲೇ ಶಂಕಿಸಬೇಕು.

ಒಂದೇ ತಂತಿಯ ಸ್ವಿಚ್ಚಿರುವ ಹಳೆಯ ಮಾದರಿಗಳಲ್ಲಿ ಈ ಪರೀಕ್ಷೆಯನ್ನು ತಾವೇ ಮಾಡಬಹುದು. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ದೀಪ ಹೊತ್ತುತ್ತದೆ. ಈಗ ಸ್ವಿಚ್ಚಿನ ಮೇಲಿನ ತಂತಿಯನ್ನು ಎಳೆದು, ಲೋಹಕ್ಕೆ ತಾಗದಂತೆ ಹಿಡಿಯಿರಿ. ದೀಪ ಆರದಿದ್ದರೆ ತಂತಿ ದಾರಿಯಲ್ಲೆಲ್ಲೋ ಬಾಡಿಗೆ ತಾಗುತ್ತಿದೆ. ಆರಿದರೆ ತಂತಿ ಸರಿಯಿದೆ. ದೋಷ ಸ್ವಿಚ್ಚಿನಲ್ಲಿರಬಹುದು ಅಥವಾ ಒತ್ತಡ ನಿಜವಾಗಿಯೂ ಕುಸಿದಿರಬಹುದು. ಇವೆರಡರಲ್ಲಿ ಯಾವುದೆಂದು ಈ ಪರೀಕ್ಷೆ ತಿಳಿಸದು. ಕಂಪ್ಯೂಟರ್ ನಿಯಂತ್ರಣದ ಸಿ.ಆರ್.ಡಿ.ಐ. ಎಂಜಿನ್ನುಗಳಿರುವ ಹೊಸ ಟ್ರ್ಯಾಕ್ಟರುಗಳಲ್ಲಿ ತಂತಿಗೆ ಕೈಹಾಕದೆ ಕಂಪನಿಯ ಸರ್ವೀಸ್ ಕೇಂದ್ರಕ್ಕೆ ತಿಳಿಸಿ.

ಕೆಲವೆಡೆ ತಂತಿಯನ್ನು ಕಿತ್ತು 'ದೀಪ ಆರಿತು' ಎಂದು ಕೆಲಸ ಮುಂದುವರಿಸುತ್ತಾರೆ. ಹೊಲದ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ ಇದು.

ಗೇಜ್ ಹೇಳುವುದೇ ಅಂತಿಮ

ಸ್ವಿಚ್ಚನ್ನು ಬಿಚ್ಚಿ ಅದೇ ಜಾಗದಲ್ಲಿ ಮುಳ್ಳಿನ ಪ್ರೆಶರ್ ಗೇಜನ್ನು ಕೂರಿಸಿ ಅಳೆಯುವುದು ಖಚಿತವಾದ ವಿಧಾನ. ಇದನ್ನು ಮೆಕ್ಯಾನಿಕ್‌ನಿಂದಲೇ ಮಾಡಿಸಿ, ಆದರೆ ತಾವು ಎದುರಿಗೆ ನಿಂತು ನೋಡಿ. ಗೇಜ್ ಹಾಕದೆಯೇ 'ಎಂಜಿನ್ ಬೋರ್ ಮಾಡಿಸಬೇಕು' ಎನ್ನುವ ಸಲಹೆಯನ್ನು ಒಪ್ಪಬೇಡಿ. ಚಾಲೂ ಮಾಡಿ ಹತ್ತು ಸೆಕೆಂಡಿನೊಳಗೆ ಮುಳ್ಳು ಏಳದಿದ್ದರೆ ಕೂಡಲೇ ನಿಲ್ಲಿಸಬೇಕು. ಎದ್ದರೆ, ಎಂಜಿನ್ ಬಿಸಿಯಾದ ಮೇಲೆ ನಿಧಾನಗತಿಯಲ್ಲೂ ಪೂರ್ಣ ವೇಗದಲ್ಲೂ ಎಷ್ಟಿದೆಯೆಂದು ಬರೆದುಕೊಂಡು, ಟ್ರ್ಯಾಕ್ಟರಿನ ಕೈಪಿಡಿಯ ಅಂಕಿಗಳೊಡನೆ ಹೋಲಿಸಿ. ಎರಡೂ ಸರಿಯಿದ್ದರೆ ಸ್ವಿಚ್ಚು ಬದಲಿಸಿದರೆ ಸಾಕು. ಅದು ಅಗ್ಗದ ಭಾಗ.

ಒತ್ತಡ ನಿಜವಾಗಿಯೂ ಕಡಿಮೆಯಿದ್ದಲ್ಲಿ, ಅದು ಯಾವಾಗ ಕಡಿಮೆಯಾಗುತ್ತದೆ ಎಂಬುದೇ ಕಾರಣದ ಸುಳಿವು. ತಣ್ಣಗಿರುವಾಗ ಸರಿಯಿದ್ದು, ಬಿಸಿಯಾದ ಮೇಲೆ ನಿಧಾನಗತಿಯಲ್ಲಿ ದೀಪ ಮಿಣುಕಿ, ಆಕ್ಸಿಲರೇಟರ್ ಕೊಟ್ಟಾಗ ಆರಿದರೆ, ಆಯಿಲ್ ತೆಳುವಾಗಿರಬಹುದು ಅಥವಾ ಬೇರಿಂಗ್ ಇಲ್ಲವೇ ಪಂಪು ಸವೆದಿರಬಹುದು. ಜೊತೆಗೆ ಎಂಜಿನ್ನಿನ ತಳದಿಂದ ಬಡಿತದ ಸದ್ದು ಬಂದರೆ ಬೇರಿಂಗಿನ ಶಂಕೆ ಬಲವಾಗುತ್ತದೆ. ನಿಧಾನಗತಿಯ ವೇಗವನ್ನೇ ತೀರಾ ತಗ್ಗಿಸಿಟ್ಟಿದ್ದರೂ ದೀಪ ಮಿಣುಕಬಹುದು. ಇದನ್ನು ಮೊದಲು ಸರಿಪಡಿಸಿ ನೋಡುವುದು ಲೇಸು. ಇಳಿಜಾರಿನಲ್ಲಿ ಮಾತ್ರ ಹೊತ್ತಿ, ಸಮತಟ್ಟಿಗೆ ಬಂದಾಗ ಆರುವುದಾದರೆ, ಆಯಿಲ್ ಒಂದು ಪಕ್ಕಕ್ಕೆ ಸರಿದು ಜಾಲರಿ ಗಾಳಿ ಎಳೆಯುತ್ತಿದೆ. ಮಲೆನಾಡಿನ ಇಳಿಜಾರು ತಾಕುಗಳಲ್ಲಿ ದುಡಿಯುವವರು ಆಯಿಲನ್ನು ಮೇಲಿನ ಗೆರೆಯ ಸಮೀಪದಲ್ಲೇ ಕಾಯ್ದುಕೊಳ್ಳಬೇಕು. ಎಲ್ಲ ವೇಗದಲ್ಲೂ ಒತ್ತಡ ಕಡಿಮೆಯಿದ್ದರೆ ಚೇಂಬರ್ ಇಳಿಸಿ ಜಾಲರಿಯನ್ನು ನೋಡಬೇಕು. ಕಪ್ಪು ಮಡ್ಡಿಯಾಗಲಿ, ಹಿಂದಿನ ದುರಸ್ತಿಯಲ್ಲಿ ಧಾರಾಳವಾಗಿ ಬಳಿದ ಗ್ಯಾಸ್ಕೆಟ್ ಅಂಟಿನ ತುಣುಕಾಗಲಿ ಅದನ್ನು ಮುಚ್ಚಿರಬಹುದು. ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ತೆರೆದೇ ಉಳಿದರೂ ಇದೇ ಲಕ್ಷಣ. ಎಂಜಿನ್ ಕೆಲಸ ಮುಗಿಸಿದ ಕೂಡಲೇ ದೀಪ ಆರದಿದ್ದರೆ ಪಂಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆಯಿದೆ.

ಫಿಲ್ಟರಿನ ಮೇಲೆ ದೂರು ಹೊರಿಸುವುದು ರೂಢಿ. ಆದರೆ ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್ ಸೋಸದೆಯೇ ಹಾದುಹೋಗಲು ಬೈಪಾಸ್ ವಾಲ್ವು ತೆರೆದುಕೊಳ್ಳುವುದರಿಂದ, ಕಟ್ಟಿದ ಫಿಲ್ಟರೊಂದರಿಂದಲೇ ದೀಪ ಹೊತ್ತುವುದು ಅಪರೂಪ. ಕೊಳಕು ಆಯಿಲ್ ಬೇರಿಂಗನ್ನು ಸವೆಸುವುದು ಅದರ ನಿಜವಾದ ಹಾನಿ.

ಆಯಿಲಿನ ಆಯ್ಕೆ

ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಬಳಸಿ. ನಮ್ಮಲ್ಲಿನ ಡೀಸೆಲ್ ಟ್ರ್ಯಾಕ್ಟರುಗಳಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಸಾಮಾನ್ಯ. ಗೇರು ಮತ್ತು ಹೈಡ್ರಾಲಿಕ್ಕಿನ ಆಯಿಲ್ ಎಂಜಿನ್ನಿಗಲ್ಲ. ಡಬ್ಬಿಗಳು ಒಂದೇ ಬಗೆಯಾಗಿರುವುದರಿಂದ ಹೆಸರು ಓದಿಯೇ ಹಾಕಿ. ದೀಪ ಆರಲೆಂದು ಮಂದವಾದ ಆಯಿಲ್ ಹಾಕಿಸುವುದು ಸವೆದ ಎಂಜಿನ್ನಿನ ರೋಗವನ್ನು ಮರೆಮಾಚುತ್ತದೆಯೇ ಹೊರತು ವಾಸಿ ಮಾಡದು. ಬದಲಾವಣೆಯ ಅವಧಿ ಹಲವು ಮಾದರಿಗಳಲ್ಲಿ 250 ಗಂಟೆ. ಪ್ರತಿ ಬಾರಿಯೂ ಫಿಲ್ಟರನ್ನೂ ಬದಲಿಸಿ, ಗಂಟೆ ಮೀಟರಿನ ಅಂಕಿಯನ್ನು ಮಡ್‌ಗಾರ್ಡಿನ ಒಳಬದಿಯಲ್ಲಿ ಬರೆದಿಡಿ.

ದುರಸ್ತಿಗೆ ದಿನ ಹಿಡಿಯುವುದಾದರೆ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ಟ್ರ್ಯಾಕ್ಟರಿಗೆ ವಿಚಾರಿಸಿ ಬಿತ್ತನೆ ಮುಗಿಸಿಕೊಳ್ಳಿ. ಇಳಿಸಿದ ಹಳೆಯ ಆಯಿಲನ್ನು ಹೊಲದ ಬದುವಿಗಾಗಲಿ ಕಾಲುವೆಗಾಗಲಿ ಸುರಿಯಬೇಡಿ. ಆಯಿಲ್ ಬಿದ್ದ ಮಣ್ಣು ನೀರನ್ನು ಸರಿಯಾಗಿ ಹೀರದು, ಅಲ್ಲಿ ಮೊಳಕೆಯೂ ಸೊರಗುತ್ತದೆ. ಡಬ್ಬಿಯಲ್ಲಿ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.