ಬಾಗಿಲಲ್ಲಿ ಕೇಳುವವರು

ತಿಪಟೂರಿನಲ್ಲಿ ನಾನು ಟೈಪಿಂಗ್ ಕಲಿತ ಇನ್‌ಸ್ಟಿಟ್ಯೂಟು ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಕೊಬ್ಬರಿ ವಾಸನೆ, ಹತ್ತಿದ ಮೇಲೆ ರಿಬ್ಬನ್ನಿನ ಮಸಿ ವಾಸನೆ. ಮೇಷ್ಟ್ರು ಕೀಲಿಗಳ ಮೇಲೆ ಹಳೇ ಪಂಚೆಯ ತುಂಡೊಂದನ್ನು ಹೊದಿಸಿ, ಅದರಡಿ ಕೈ ತೂರಿಸಿ ಹೊಡೆಯಲು ಹೇಳುತ್ತಿದ್ದರು. ಬಟ್ಟೆ ಎತ್ತಿ ನೋಡಿದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನ ಏಟು. 1986ರಲ್ಲಿ ಇಂಗ್ಲಿಷ್ ಸೀನಿಯರ್ ಪಾಸಾಯಿತು. ಮುದ್ರೆ ಬಿದ್ದ ಆ ಸರ್ಟಿಫಿಕೇಟನ್ನು ಅಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಟ್ರಂಕಿನಲ್ಲಿ ಜಮೀನಿನ ಪತ್ರಗಳ ಜೊತೆ ಇಟ್ಟರು. "ಇದೊಂದಿದ್ರೆ ಎಲ್ಲೋದ್ರೂ ಅನ್ನ ಹುಟ್ಟುತ್ತೆ ಕಣವ್ವ" ಅಂದಿದ್ದರು. ಹುಟ್ಟಿತು. 1990ರಲ್ಲಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸಂದರ್ಶನಕ್ಕೆ ಹೋದಾಗ ನನ್ನ ಹೆಸರು ಕೇಳುವುದಕ್ಕೂ ಮೊದಲು ಕೇಳಿದ್ದು, "ಸೀನಿಯರ್ ಆಗಿದೆಯೇನಮ್ಮಾ?"

ಮೂವತ್ತೊಂದು ವರ್ಷದ ಮೇಲೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೊಂದು ಸರ್ಟಿಫಿಕೇಟು ಪಡೆದೆ. ಅದರ ಹೆಸರು ಉದ್ದ: ಸರ್ಟಿಫೈಡ್ ಪ್ರೊಫೆಷನಲ್ ಟೆಕ್ನಿಕಲ್ ಕಮ್ಯುನಿಕೇಟರ್, ಫೌಂಡೇಶನ್ ಹಂತ. ಅದನ್ನು ಈವರೆಗೆ ಯಾವ ಬಾಗಿಲಲ್ಲೂ ಯಾರೂ ಕೇಳಿಲ್ಲ. ಯಾಕೆ ಕೇಳಲಿಲ್ಲ ಅನ್ನುವುದರ ಹಿಂದೆ ನಮ್ಮ ಕಸುಬಿನ ಚರಿತ್ರೆಯೇ ಇದೆ. ಅದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಕಸುಬು ಅಂದರೆ ಕೈಪಿಡಿ ಬರೆಯುವುದು. ಮಿಕ್ಸಿಯಿಂದ ಹಿಡಿದು ವಿಮಾನದವರೆಗೆ ಪ್ರತಿಯೊಂದರ ಜೊತೆ ಒಂದು ಪುಸ್ತಕ ಬರುತ್ತದಲ್ಲ, ಬಿಚ್ಚಿದ ಕೂಡಲೇ ಪಕ್ಕಕ್ಕಿಡುವುದು, ಅದು ನಮ್ಮದು. ನಾನು ಇದಕ್ಕೆ ಬಂದದ್ದು ಹಿತ್ತಲ ಬಾಗಿಲಿನಿಂದ. ಪೀಣ್ಯದಲ್ಲಿ ನನ್ನ ಕೆಲಸ ಎಂಜಿನಿಯರುಗಳು ಕೈಯಲ್ಲಿ ಗೀಚಿಕೊಟ್ಟದ್ದನ್ನು ಟೈಪು ಮಾಡುವುದಾಗಿತ್ತು. ಒಂದು ಹೈಡ್ರಾಲಿಕ್ ಯೂನಿಟ್ಟಿನ ರಿಪೇರಿ ಸೂಚನೆ ಹೀಗಿತ್ತು:

7. ಪೈಪಿನ ನಟ್ ಬಿಚ್ಚಿ.
8. ನಟ್ ಬಿಚ್ಚುವ ಮುನ್ನ ಲೈನಿನ ಒತ್ತಡವನ್ನು ಪೂರ್ತಿ ಇಳಿಸಿರಬೇಕು.

ಇದ್ದದ್ದನ್ನು ಇದ್ದ ಹಾಗೆ ಹೊಡೆದುಕೊಟ್ಟೆ. ಒಂದಕ್ಷರ ತಪ್ಪಿಲ್ಲ, ಅಂಚು ಸರಿಯಾಗಿದೆ, ಸಾಲಿನ ನಡುವೆ ಜಾಗ ಸರಿಯಾಗಿದೆ. ಸೀನಿಯರ್ ಪರೀಕ್ಷೆಯಲ್ಲಾಗಿದ್ದರೆ ಆ ಹಾಳೆಗೆ ಪೂರ್ತಿ ಅಂಕ. ಕೊಯಮತ್ತೂರಿನ ಗಿರಣಿಯೊಂದರಲ್ಲಿ ಫಿಟ್ಟರ್ ಒಬ್ಬ ಏಳನ್ನು ಓದಿದ, ಏಳನ್ನು ಮಾಡಿದ. ಬಿಸಿ ಎಣ್ಣೆ ಮೊಣಕೈವರೆಗೂ ಚಿಮ್ಮಿತು. ಎಂಟನ್ನು ಓದುವ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ. ಕಾರ್ಖಾನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಟೈಪಿಸ್ಟಿಗೆ ಅದರ ಜವಾಬ್ದಾರಿ ಏನು? ಆದರೆ ಹೊಡೆಯುವಾಗ ಎಂಟನೆಯ ಸಾಲಿನ ಹತ್ತಿರ ನನ್ನ ಬೆರಳು ಒಂದು ಗಳಿಗೆ ತಡೆದದ್ದು ನನಗೆ ನೆನಪಿತ್ತು. ಅಲ್ಲಿಂದಾಚೆಗೆ ಕರಡು ಕೈಗೆ ಬಂದರೆ ಮೊದಲು ಪ್ರಶ್ನೆ ಕೇಳುತ್ತಿದ್ದೆ. ಎಂಜಿನಿಯರುಗಳಿಗೆ ಕಿರಿಕಿರಿಯಾಯಿತು, ಆಮೇಲೆ ಅಭ್ಯಾಸವಾಯಿತು, ಕೊನೆಗೆ "ನೀವೇ ಬರೆದುಬಿಡಿ" ಅಂದರು. 1997ರಲ್ಲಿ ಸಾಫ್ಟ್‌ವೇರ್ ಕಂಪನಿಯೊಂದು ಟೆಕ್ನಿಕಲ್ ರೈಟರ್ ಬೇಕೆಂದು ಜಾಹೀರಾತು ಕೊಟ್ಟಾಗಲೇ ನಾನು ಮಾಡುತ್ತಿದ್ದ ಕೆಲಸಕ್ಕೆ ಹೆಸರೊಂದಿದೆ ಎಂದು ಗೊತ್ತಾದದ್ದು.

ಈ ಕಸುಬಿನಲ್ಲಿ ಹೆಚ್ಚಿನವರು ಹೀಗೇ ಬಂದವರು. ಕಂಪ್ಯೂಟರಿಗೆ ಮೊದಲ ಕೈಪಿಡಿ ಬರೆದವನೆಂದು ನಾವೆಲ್ಲ ನೆನೆಯುವ ಜೋಸೆಫ್ ಚಾಪ್ಲೈನ್ ಕೂಡ ಹಾಗೇ. ಫಿಲಡೆಲ್ಫಿಯಾದ ಮೂರ್ ಸ್ಕೂಲಿನಲ್ಲಿ ಡಿಫರೆನ್ಷಿಯಲ್ ಅನಲೈಜರ್ ಅನ್ನುವ ದೊಡ್ಡ ಲೆಕ್ಕದ ಯಂತ್ರವನ್ನು ನೋಡಿಕೊಳ್ಳುತ್ತಿದ್ದವನು. ಎಕರ್ಟ್ ಮತ್ತು ಮಾಕ್ಲಿ ಸ್ವಂತ ಕಂಪನಿ ತೆಗೆದು ನಾರ್ತ್‌ರಾಪ್ ವಿಮಾನ ಕಂಪನಿಗೆ ಬೈನ್ಯಾಕ್ ಎಂಬ ಕಂಪ್ಯೂಟರು ಕಟ್ಟಿಕೊಟ್ಟಾಗ, 1949ರಲ್ಲಿ ಅದರ ಕೈಪಿಡಿ ಬರೆದ. ಚರ್ಚಿನಲ್ಲಿ ಆರ್ಗನ್ ನುಡಿಸುವವನೂ ಆಗಿದ್ದ. ಆರ್ಗನ್ ನುಡಿಸುವವನ ಬೆರಳುಗಳು, ಟೈಪಿಂಗ್ ಕಲಿತವಳ ಬೆರಳುಗಳು ಎಂದು ನಾನು ನನಗೇ ಒಂದು ನೆಂಟಸ್ತನ ಕಟ್ಟಿಕೊಂಡಿದ್ದೇನೆ. ಅದಕ್ಕೆ ಆಧಾರವೇನೂ ಬೇಡ.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಇಂಥವರು ಸಾವಿರಗಟ್ಟಲೆ ಇದ್ದರು. ರಡಾರು, ವಿಮಾನ, ಕ್ಷಿಪಣಿ ಎಲ್ಲದಕ್ಕೂ ಪುಸ್ತಕ ಬೇಕಿತ್ತು, ಹಳ್ಳಿಯಿಂದ ಬಂದ ಹದಿನೆಂಟರ ಹುಡುಗನೂ ಓದಿ ಕೆಲಸ ಮಾಡುವಂಥದ್ದು. 1953ರಲ್ಲಿ ಬಾಸ್ಟನ್ನಿನಲ್ಲಿ ಒಂದು, ನ್ಯೂಯಾರ್ಕಿನಲ್ಲಿ ಒಂದು ಸಂಘ ಹುಟ್ಟಿದವು. 1957ರಲ್ಲಿ ಎರಡೂ ಕೂಡಿದವು. 1960ರಲ್ಲಿ ಲಾಸ್ ಏಂಜಲೀಸಿನ ಇನ್ನೊಂದು ಬಂದು ಸೇರಿತು. 1971ರಲ್ಲಿ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್ ಎಂದು ಹೆಸರಾಯಿತು. ನಾವು ಎಸ್‌ಟಿಸಿ ಅನ್ನುತ್ತಿದ್ದೆವು. ಸಂಘ ಹುಟ್ಟಿದ ಮೇಲೆ ಮುದ್ರೆಯ ಮಾತು ಬರಲೇಬೇಕಲ್ಲ. ಲೆಕ್ಕಪರಿಶೋಧಕರಿಗೆ ಇದೆ, ನರ್ಸಿಗೆ ಇದೆ, ನಮಗೇಕಿಲ್ಲ? ಈ ಚರ್ಚೆ ದಶಕಗಟ್ಟಲೆ ನಡೆಯಿತು. ಗಂಟು ಎಲ್ಲಿತ್ತೆಂದರೆ, ಏನನ್ನು ನೋಡಿ ಮುದ್ರೆ ಒತ್ತುವುದು? ಬರೆದದ್ದನ್ನು ನೋಡಿಯೋ, ಬರೆಯುವುದರ ಬಗ್ಗೆ ಓದಿದ್ದನ್ನು ಕೇಳಿಯೋ?

ಜರ್ಮನಿಯಲ್ಲಿ ಈ ಗಂಟನ್ನು ಕಾನೂನು ಸಡಿಲಿಸಿತು. ಅಲ್ಲಿನ ಕೈಪಿಡಿ ಬರೆಯುವವರ ಸಂಘ ಟೆಕೋಮ್ ಹುಟ್ಟಿದ್ದು 1978ರಲ್ಲಿ. ಸರಕಿನ ದೋಷದಿಂದಾದ ಹಾನಿಗೆ ತಯಾರಕನೇ ಹೊಣೆ ಎಂದು ಯುರೋಪು 1985ರಲ್ಲಿ ನಿರ್ದೇಶನ ಹೊರಡಿಸಿತು. ಅದನ್ನು ಒಳಗೊಂಡ ಜರ್ಮನ್ ಕಾಯಿದೆ 1990ರ ಜನವರಿಯಿಂದ ಜಾರಿಗೆ ಬಂತು. ತಪ್ಪು ಸೂಚನೆಯೂ ಸರಕಿನ ದೋಷವೇ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದರ ಪುಸ್ತಕದಲ್ಲಿ ಏಳು ಮತ್ತು ಎಂಟು ಅದಲುಬದಲಾಗಿದ್ದರೆ ಯಂತ್ರವೇ ಕೆಟ್ಟದ್ದೆಂದು ಲೆಕ್ಕ. ಹಾಗಾದ ಮೇಲೆ ಪುಸ್ತಕ ಬರೆದವರು ಯಾರು, ಅವರು ಏನು ಕಲಿತಿದ್ದಾರೆ ಎಂದು ಕಂಪನಿಯ ವಕೀಲನೇ ಕೇಳುತ್ತಾನೆ. ನನ್ನ ಟೈಪಿಂಗ್ ಸರ್ಟಿಫಿಕೇಟಿಗೆ ಬೆಲೆ ಬಂದದ್ದೂ ಹೀಗೇ ಅಲ್ಲವೇ? ಗುಮಾಸ್ತೆ ಕೆಲಸಕ್ಕೆ ಅದು ಬೇಕು ಎಂದು ಸರ್ಕಾರ ಬರೆದಿಟ್ಟಿತ್ತು, ಸರ್ಕಾರವನ್ನು ನೋಡಿ ಖಾಸಗಿಯವರೂ ಕೇಳುತ್ತಿದ್ದರು. ಕೊಯಮತ್ತೂರಿನ ಆ ಫಿಟ್ಟರ್ ಜರ್ಮನಿಯಲ್ಲಿದ್ದಿದ್ದರೆ ನನ್ನ ಹಾಳೆ ಕೋರ್ಟಿಗೆ ಹೋಗುತ್ತಿತ್ತು. ಇಲ್ಲಿ ಅವನಿಗೆ ಸಿಕ್ಕಿದ್ದು ಹದಿನೈದು ದಿನದ ರಜೆ.

ಅಮೆರಿಕದ ಸಂಘಕ್ಕೆ ಅಂಥ ಒತ್ತಾಸೆ ಇರಲಿಲ್ಲ. 2000ದ ಆಸುಪಾಸಿನಲ್ಲಿ 20,000ಕ್ಕೂ ಮೀರಿದ ಸದಸ್ಯರಿದ್ದರು, ಭಾರತದಲ್ಲೂ ಶಾಖೆಯಿತ್ತು. ಅದರ ವಾರ್ಷಿಕ ಸಮ್ಮೇಳನ ಬೆಂಗಳೂರಿನಲ್ಲಿ ನಡೆದಾಗಲೆಲ್ಲ ನಾನೂ ಕುತ್ತಿಗೆಗೆ ಬ್ಯಾಡ್ಜು ನೇತುಹಾಕಿಕೊಂಡು ತಿರುಗಿದ್ದೇನೆ. ಊಟದ ಸಾಲಿನಲ್ಲಿ ಚರ್ಚೆ ಫ್ರೇಮ್‌ಮೇಕರ್ ಒಳ್ಳೆಯದೋ ವರ್ಡ್ ಒಳ್ಳೆಯದೋ ಎಂದು. ಅಂತೂ 2011ರಲ್ಲಿ ಎಸ್‌ಟಿಸಿ ಮೊದಲ ಸರ್ಟಿಫಿಕೇಟು ತೆರೆಯಿತು. ಅದು ಬರೆದದ್ದನ್ನು ನೋಡಿ ಕೊಡುವ ಬಗೆಯದು. ಅನುಭವ ಇದ್ದವರು ತಮ್ಮ ಕೆಲಸದ ಮಾದರಿಗಳನ್ನೆಲ್ಲ ಜೋಡಿಸಿ, ಇದನ್ನು ಹೀಗೇಕೆ ಬರೆದೆ ಎಂದು ವಿವರಿಸಿ ಕಳಿಸಬೇಕು, ತೂಗಿ ನೋಡಲು ತಿಳಿದವರು ಕೂರುತ್ತಾರೆ. ನನ್ನ ಮಟ್ಟಿಗೆ ಸರಿಯಾದ ದಾರಿ ಅದೇ. ಆದರೆ ನಮ್ಮಂಥವರು ಮಾದರಿ ಎಲ್ಲಿಂದ ತರುವುದು? ನಾನು ಬರೆದ ಪ್ರತಿ ಪುಟದ ಅಡಿಯಲ್ಲೂ 'ಗೋಪ್ಯ' ಎಂದಿರುತ್ತದೆ. ಹೆಸರು ಕಂಪನಿಯದು, ಹಕ್ಕು ಕಂಪನಿಯದು. ಹದಿನಾಲ್ಕು ವರ್ಷ ಸಾಫ್ಟ್‌ವೇರಿಗೆ ಬರೆದೂ ನನ್ನದೆಂದು ತೋರಿಸಲು ಒಂದು ಹಾಳೆ ಇರಲಿಲ್ಲ. ಅನುಮತಿ ಕೇಳಿದರೆ ಮ್ಯಾನೇಜರು ಲೀಗಲ್‌ನವರನ್ನು ಕೇಳಿ ಅಂದರು, ಲೀಗಲ್‌ನವರು ಉತ್ತರಿಸಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಆ ಯೋಜನೆಯೇ ನಿಂತುಹೋಯಿತು.

2016ರಲ್ಲಿ ಮತ್ತೆ ಶುರುವಾದದ್ದು ಪರೀಕ್ಷೆಯ ರೂಪದಲ್ಲಿ. ಫೌಂಡೇಶನ್, ಪ್ರಾಕ್ಟಿಷನರ್, ಎಕ್ಸ್‌ಪರ್ಟ್ ಎಂದು ಮೂರು ಹಂತದ ಲೆಕ್ಕಾಚಾರ. ನಮ್ಮ ಜೂನಿಯರ್, ಸೀನಿಯರ್, ಪ್ರೊಫಿಷಿಯೆನ್ಸಿ ಇದ್ದ ಹಾಗೆ. ಎಪಿಎಂಜಿ ಎಂಬ ಸಂಸ್ಥೆ ಪರೀಕ್ಷೆ ನಡೆಸುತ್ತಿತ್ತು. ಓದಬೇಕಾದ ಪುಸ್ತಕ ರಿಚರ್ಡ್ ಜಾನ್ಸನ್-ಶೀಹನ್ ಬರೆದ ಟೆಕ್ನಿಕಲ್ ಕಮ್ಯುನಿಕೇಷನ್ ಟುಡೇ, ಅಮೆರಿಕದ ಕಾಲೇಜು ಹುಡುಗರ ಪಠ್ಯ. ಯೋಜನೆ ಹಾಕುವುದರಿಂದ ಅಚ್ಚಿಗೆ ಕಳಿಸುವವರೆಗೆ ಒಂಬತ್ತು ವಿಭಾಗ.

ದೊಡ್ಡ ಮಗಳ ಹಳೇ ಸ್ಟಡಿ ಟೇಬಲ್ಲಿನ ಮೇಲೆ ಮೂರು ತಿಂಗಳು ಓದಿದೆ. ಪುಸ್ತಕ ಒಳ್ಳೆಯದೇ. ಆದರೆ ಅಲ್ಲಿನ ಉದಾಹರಣೆಗಳನ್ನು ಓದುತ್ತಾ ನನಗೆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಹೇಳಿದ್ದ ಲೋಕೋಪಕಾರ ನೆನಪಾಗುತ್ತಿತ್ತು. ಚಾಲುಕ್ಯರ ಕಾಲದ ಚಾವುಂಡರಾಯ, ಸುಮಾರು 1025ರಲ್ಲಿ, ಬಾವಿ ತೋಡಲು ನೀರಿನ ಸೆಲೆ ಗುರುತಿಸುವುದು, ಗಿಡಮರ ಬೆಳೆಸುವುದು, ಅಡುಗೆ, ದನಕರುಗಳ ರೋಗ ಎಲ್ಲವನ್ನೂ ಕನ್ನಡ ಪದ್ಯದಲ್ಲಿ ಬರೆದಿಟ್ಟ. ತಾಳೆಗರಿ ಎಲ್ಲರ ಮನೆಯಲ್ಲಿ ಇರುವುದಿಲ್ಲವಲ್ಲ, ಪದ್ಯವಾದರೆ ಬಾಯಲ್ಲಿ ಉಳಿಯುತ್ತದೆ. ಅವನದು ಅಚ್ಚುಕಟ್ಟಾದ ಕೈಪಿಡಿಯೇ, ನಾವು ಮಾತ್ರ ಅವನನ್ನು ಸಾಹಿತ್ಯ ಚರಿತ್ರೆಯ ಮೂಲೆಯಲ್ಲಿ ಕೂರಿಸಿದ್ದೇವೆ.

ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನ ಮುಂದೆ. ಎಲ್ಲಿಂದಲೋ ಒಬ್ಬರು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಮೊದಲು ಲ್ಯಾಪ್‌ಟಾಪನ್ನು ಎತ್ತಿ ಕೋಣೆಯ ನಾಲ್ಕು ಗೋಡೆ ತೋರಿಸಬೇಕು. ಗೋಡೆಯ ಮೇಲಿದ್ದ ಕ್ಯಾಲೆಂಡರು ಏನೆಂದು ಕೇಳಿದರು. ಅದರಲ್ಲಿ ಏಕಾದಶಿ, ಅಮಾವಾಸ್ಯೆ ಬಿಟ್ಟರೆ ಏನೂ ಇಲ್ಲ ಎಂದು ಒಪ್ಪಿಸುವುದಕ್ಕೆ ಅದನ್ನು ಬಿಚ್ಚಿ ತೋರಿಸಬೇಕಾಯಿತು. ಆಮೇಲೆ ಪ್ರಶ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಒಂದನ್ನು ಒತ್ತು. ಎಚ್ಚರಿಕೆಯ ಮಾತನ್ನು ಎಲ್ಲಿಡಬೇಕು ಎಂಬರ್ಥದ ಪ್ರಶ್ನೆಯೊಂದು ಬಂತು. ಕಣ್ಣು ಮುಚ್ಚಿ ಒತ್ತಿದೆ. ಕೈ ಒಂದು ಗಳಿಗೆ ಮೌಸಿನ ಮೇಲೇ ಉಳಿಯಿತು. ಮುಗಿದ ಮೇಲೆ ಅನ್ನಿಸಿದ್ದು, ಪಂಚೆಯ ತುಂಡಿನಡಿ ಕೈಯಿಟ್ಟು ಹೊಡೆದ ಪರೀಕ್ಷೆಯಲ್ಲಿ ಕೆಲಸವೇ ಪರೀಕ್ಷೆಯಾಗಿತ್ತು. ಇಲ್ಲಿ ಒಂದು ಸಾಲನ್ನೂ ಬರೆಯದೆ ಬರಹಗಾರ್ತಿ ಎನ್ನಿಸಿಕೊಂಡೆ.

ಹಾಗೆಂದು ಅದನ್ನು ಹಗುರವಾಗಿ ಕಾಣುತ್ತಿಲ್ಲ. ಟೈಪಿಸ್ಟಾಗಿ ಬಂದವಳೆಂದು ಇಪ್ಪತ್ತು ವರ್ಷ ಒಳಗೊಳಗೇ ಇದ್ದ ಅಳುಕು ಆ ದಿನ ಸ್ವಲ್ಪ ಕರಗಿತು. ಪ್ರಿಂಟು ತೆಗೆಸಿ ಫ್ರೇಮು ಹಾಕಿಸಿದೆ. ನೋಡಲು ಅಪ್ಪ ಇರಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಸಂಬಳ ಜಾಸ್ತಿ ಆಗುತ್ತಾ?" ಅಂದರು. ಆಗಲಿಲ್ಲ. ಆಫೀಸಿನ ಎಚ್‌ಆರ್ ಹುಡುಗಿ ಅಭಿನಂದನೆಯ ಇಮೇಲ್ ಕಳಿಸಿದಳು, ಅದರಲ್ಲಿ ಕಮ್ಯುನಿಕೇಟರ್ ಪದದ ಕಾಗುಣಿತ ತಪ್ಪಿತ್ತು.

2025ರ ಜನವರಿ ಕೊನೆಯಲ್ಲಿ ಎಸ್‌ಟಿಸಿ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಸಂಘ ದಿವಾಳಿ ಅರ್ಜಿ ಹಾಕಲು ಹೊರಟಿತ್ತು. ಸದಸ್ಯರು ಕರಗುತ್ತಾ ಬಂದಿದ್ದರು, ಹಣವೂ. ಸುದ್ದಿ ಓದಿದ ದಿನ ಸಂಜೆ ಫ್ರೇಮಿನ ಧೂಳು ಒರೆಸಿದೆ. ಟ್ರಂಕಿನಲ್ಲಿದ್ದ ಸೀನಿಯರ್ ಸರ್ಟಿಫಿಕೇಟನ್ನೂ ತೆಗೆದು ನೋಡಿದೆ. ಪ್ಲಾಸ್ಟಿಕ್ಕು ಹಳದಿಯಾಗಿ ಕಾಗದಕ್ಕೆ ಅಂಟಿಕೊಂಡಿತ್ತು, ಬಿಡಿಸಲು ಹೋದರೆ ಮುದ್ರೆಯ ಮಸಿ ಎದ್ದು ಬರುವ ಹಾಗಿತ್ತು. ಹಾಗೇ ಬಿಟ್ಟೆ.

ಮುಂದಿನ ವಾರ ಆಫೀಸಿನಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದಳು. "ಮೇಡಂ, ಇನ್ನು ಯಾವ ಸರ್ಟಿಫಿಕೇಟ್ ಮಾಡ್ಲಿ? ಆನ್‌ಲೈನಲ್ಲಿ ಬೇಕಾದಷ್ಟಿದೆ" ಅಂದಳು. ಈ ವಾರ ಬರೆದದ್ದೇನಾದರೂ ಇದ್ದರೆ ತೋರಿಸು ಅಂದೆ. ಲ್ಯಾಪ್‌ಟಾಪು ತೆರೆದಳು. ಸರ್ವರ್ ಅಪ್‌ಗ್ರೇಡ್ ಮಾಡುವ ಸೂಚನೆ, ಭಾಷೆ ಚೊಕ್ಕಟ. ನಾಲ್ಕನೆಯ ಹೆಜ್ಜೆಯಲ್ಲಿ ಹಳೆಯ ಡೇಟಾಬೇಸ್ ಅಳಿಸಿ ಎಂದಿತ್ತು. ಐದರಲ್ಲಿ, ಅಳಿಸುವ ಮುನ್ನ ಬ್ಯಾಕಪ್ ತೆಗೆದುಕೊಂಡಿರಬೇಕು.

"ಕುರ್ಚಿ ಎಳ್ಕೋ" ಅಂದೆ.